ಹೊಸ್ತಿಲಿಂದ ಹೊಸ್ತಿಲಿಗೆ

ದೆಹಲಿ ಎಷ್ಟು ದೂರ ಎಂದು ಯಾರನ್ನಾದರೂ ಕೇಳಿ ನೋಡಿ. "ಬೆಂಗಳೂರಿಂದ ಎರಡೂಮುಕ್ಕಾಲು ಗಂಟೆ, ಅಷ್ಟೆ" ಎನ್ನುತ್ತಾರೆ. ನಾವು ಕೇಳಿದ್ದು ದೂರ, ಅವರು ಹೇಳಿದ್ದು ಹೊತ್ತು! ಮೊದಲೆಲ್ಲ ಒಂದೂರಿಂದ ಇನ್ನೊಂದೂರಿಗೆ ಇಷ್ಟು ಮೈಲಿ, ಇಷ್ಟು ಹರದಾರಿ ಎನ್ನುತ್ತಿದ್ದರು. ಈಗ ಎಲ್ಲಕ್ಕೂ ಗಂಟೆಯ ಲೆಕ್ಕ, ಅದೂ ವಿಮಾನದ ಗಂಟೆ.

2021ರಲ್ಲಿ ನಮ್ಮ ಮಗಳನ್ನು ದೆಹಲಿಯಲ್ಲಿ ಕೆಲಸದಲ್ಲಿದ್ದ ಹುಡುಗನಿಗೆ ಕೊಡುವ ಮಾತು ಬಂದಾಗ ನನ್ನ ಎದೆ ಧಸಕ್ಕೆಂದಿತ್ತು. ನಾನು ಎಸ್.ಎಸ್.ಎಲ್.ಸಿ. ಓದಿ, ಇಪ್ಪತ್ತು ತುಂಬುವುದರೊಳಗೆ ಮದುವೆಯಾಗಿ ತಿಪಟೂರಿಗೆ ಬಂದವಳು. ತವರುಮನೆ ಅರಸೀಕೆರೆ ಕಡೆಯ ಒಂದು ಹಳ್ಳಿ, ಅರ್ಧ ಗಂಟೆಯ ದಾರಿ. ಹಬ್ಬಕ್ಕೆ ಹೋಗಿ ಸಂಜೆ ದೀಪ ಹಚ್ಚುವ ಹೊತ್ತಿಗೆ ಗಂಡನ ಮನೆಯಲ್ಲಿರಬಹುದಾದಷ್ಟು ಹತ್ತಿರ. ಅಂಥವಳ ಮಗಳು ದೆಹಲಿಗೆ! ಎದುರು ಮನೆಯವರು ಸಮಾಧಾನ ಹೇಳಿದರು. "ಅಯ್ಯೋ, ಎರಡೂಮುಕ್ಕಾಲು ಗಂಟೆ ಕಣ್ರೀ. ಇಲ್ಲಿಂದ ಬೆಂಗಳೂರಿಗೆ ಬಸ್ಸಲ್ಲಿ ಹೋಗೋಕೆ ಅದಕ್ಕಿಂತ ಜಾಸ್ತಿ ಹಿಡಿಯುತ್ತೆ." ಅವರು ಹೇಳಿದ್ದು ಸುಳ್ಳಲ್ಲ. ಬಸ್ಸಿಗೆ ಮೂರು, ಮೂರೂವರೆ ಗಂಟೆ ಬೇಕೇ ಬೇಕು. ಆದರೂ ನನಗೆ ಅದು ಅಡುಗೆ ಪುಸ್ತಕದ ಮಾತಿನ ಹಾಗೆ ಕೇಳಿಸಿತು. ದೋಸೆ ಹುಯ್ಯಲು ಎಷ್ಟು ಹೊತ್ತು? ಎರಡು ನಿಮಿಷ. ಕಾವಲಿಯ ಮೇಲಿನ ಎರಡು ನಿಮಿಷ ನಿಜವೇ. ಹಿಂದಿನ ದಿನ ಅಕ್ಕಿ ಉದ್ದು ನೆನೆಹಾಕಿದ್ದು, ಸಂಜೆ ರುಬ್ಬಿದ್ದು, ರಾತ್ರಿಯೆಲ್ಲ ಹುದುಗಲು ಬಿಟ್ಟಿದ್ದು ಯಾರ ಲೆಕ್ಕಕ್ಕೆ? ತಿನ್ನುವವರಿಗೆ ಎರಡು ನಿಮಿಷ, ಮಾಡುವವಳಿಗೆ ಒಂದು ದಿನ.

ಆಮೇಲೆ ನಾನೇ ಹೋಗಿ ಬಂದೆ, ಒಂದಲ್ಲ ಎರಡು ಸಾರಿ. ಅದರ ಲೆಕ್ಕ ಬರೆಯೋಣ ಎಂದು ಕೂತಿದ್ದೇನೆ.

ಮೊದಲು ದೂರ. ಕಿರಿಯ ಮಗನ ಸ್ಕೂಲಿನ ಅಟ್ಲಾಸ್ ನಮ್ಮ ಮನೆಯಲ್ಲಿ ಇನ್ನೂ ಇದೆ. ಒಂದು ಮಧ್ಯಾಹ್ನ ಪಾತ್ರೆ ತೊಳೆದಿಟ್ಟು ಅದನ್ನು ಬಿಡಿಸಿಕೊಂಡು ಕೂತೆ. ನೋಡಿದರೆ ಬೆಂಗಳೂರೂ ದೆಹಲಿಯೂ ಭೂಪಟದಲ್ಲಿ ಹೆಚ್ಚು ಕಡಿಮೆ ಒಂದೇ ಗೆರೆಯ ಮೇಲಿವೆ! ಮೇಲಿಂದ ಕೆಳಕ್ಕೆ ಎಳೆದ ರೇಖಾಂಶದ ಗೆರೆಗಳಲ್ಲಿ 77ರದ್ದು ಒಂದಿದೆಯಲ್ಲ, ಅದರ ಪಕ್ಕಕ್ಕೇ ಕನ್ಯಾಕುಮಾರಿ, ಬೆಂಗಳೂರು, ನಮ್ಮ ರಾಯಚೂರು, ಬೀದರ್, ಆಚೆ ಭೋಪಾಲ್, ದೆಹಲಿ, ಎಲ್ಲ ಒಂದೇ ದಾರಕ್ಕೆ ಮಣಿ ಪೋಣಿಸಿದ ಹಾಗೆ ಕೂತಿವೆ. ಹಾಗಾಗಿ ದೂರ ಕಂಡುಹಿಡಿಯುವುದು ನನ್ನಂಥವಳಿಗೂ ಸುಲಭ. ಅಡ್ಡ ಗೆರೆಗಳನ್ನು ಎಣಿಸಿದರೆ ಆಯಿತು. ಬೆಂಗಳೂರಿನ ವಿಮಾನ ನಿಲ್ದಾಣ 13 ಡಿಗ್ರಿಯ ಸ್ವಲ್ಪ ಮೇಲೆ, ದೆಹಲಿಯದು 28 ದಾಟಿ ಅರ್ಧದಲ್ಲಿ. ನಡುವೆ ಹದಿನೈದೂ ಚಿಲ್ಲರೆ ಡಿಗ್ರಿ. ಒಂದು ಡಿಗ್ರಿಗೆ ಸುಮಾರು 111 ಕಿಲೋಮೀಟರ್ ಎಂದು ಭೂಗೋಳದ ಮೇಷ್ಟ್ರು ಬಾಯಿಪಾಠ ಮಾಡಿಸಿದ್ದರು. ಹದಿನೈದಕ್ಕೆ 1,665, ಚಿಲ್ಲರೆಗೆ ಒಂದು ನಲವತ್ತು. ಅಂತೂ 1,700ರ ಆಸುಪಾಸು. ಅಳಿಯಂದಿರಿಗೆ ಫೋನಿನಲ್ಲಿ ಹೇಳಿದೆ. "ಸರಿಯಾಗಿದೆ ಅತ್ತೆ, ಇದನ್ನೇ ನೇರ ದೂರ ಅಂತಾರೆ" ಎಂದರು. ಹತ್ತನೇ ಕ್ಲಾಸಿನ ಲೆಕ್ಕ ಅಷ್ಟು ವರ್ಷದ ಮೇಲೆ ಕೈಹಿಡಿಯಿತು ಎಂದು ಆ ದಿನ ನಮ್ಮವರಿಗೆ ಒಂದು ಲೋಟ ಕಾಫಿ ಹೆಚ್ಚಿಗೆ ಸಿಕ್ಕಿತು ಅನ್ನಿ.

ಕಾಗೆ ಹಾರಿದ ಹಾಗೆ ನೇರ ಹೋದರೆ 1,700. ರೈಲಿನಲ್ಲಿ? ಬೆಂಗಳೂರಿಂದ ಹೊರಡುವ ಕರ್ನಾಟಕ ಎಕ್ಸ್‌ಪ್ರೆಸ್ಸಿದೆಯಲ್ಲ, ಹಳಬರು ಇನ್ನೂ ಕೆ.ಕೆ. ಎಂದೇ ಕರೆಯುವುದು, ಅದು ಗುಂತಕಲ್, ರಾಯಚೂರು, ಕಲಬುರಗಿ, ಸೊಲ್ಲಾಪುರ, ಮನಮಾಡ, ಭೋಪಾಲ್ ಎಂದು ಪಶ್ಚಿಮಕ್ಕೆ ಹೊಟ್ಟೆ ಬಿಟ್ಟುಕೊಂಡು ಬಳಸಿ ಹೋಗುತ್ತದೆ. ಸುಮಾರು 2,400 ಕಿಲೋಮೀಟರ್. ಅಂದರೆ 700 ಕಿಲೋಮೀಟರು ಬರೀ ಸುತ್ತು! ಹೊರಟ ರಾತ್ರಿ ಒಂದು, ಮರುದಿನವೆಲ್ಲ, ಅದರ ಮರುದಿನ ಬೆಳಿಗ್ಗೆ ಹತ್ತು ದಾಟುವ ತನಕ, ಸುಮಾರು 40 ಗಂಟೆ. ನಮ್ಮಜ್ಜಿಗೆ ಕಿಲೋಮೀಟರೂ ಗೊತ್ತಿರಲಿಲ್ಲ, ಗಡಿಯಾರವೂ ಗೊತ್ತಿರಲಿಲ್ಲ. ಅವಳ ಅಳತೆ ಬುತ್ತಿಯದು. "ಅದು ಒಂದು ಬುತ್ತಿ ದಾರಿ", "ಅದು ಎರಡು ಬುತ್ತಿ ದಾರಿ" ಎನ್ನುತ್ತಿದ್ದಳು. ಆ ಲೆಕ್ಕದಲ್ಲಿ ದೆಹಲಿ ರೈಲಿಗೆ ಐದು ಬುತ್ತಿ. ಚಪಾತಿ, ಚಟ್ನಿಪುಡಿ, ಪುಳಿಯೋಗರೆ ಎರಡನೆಯ ದಿನದ ಮಧ್ಯಾಹ್ನದವರೆಗೂ ಬರುತ್ತವೆ. ಮೊಸರನ್ನ ಮೊದಲ ರಾತ್ರಿಯೇ ಮುಗಿಸಬೇಕು.

ಇನ್ನು ಆ ಎರಡೂಮುಕ್ಕಾಲು ಗಂಟೆ ಎಲ್ಲಿಂದ ಬಂತು? ಜೆಟ್ ವಿಮಾನ ಮೇಲೇರಿದ ಮೇಲೆ ಗಂಟೆಗೆ 800ರಿಂದ 850 ಕಿಲೋಮೀಟರ್ ಹೋಗುತ್ತದೆ. ಆ ವೇಗಕ್ಕೆ 1,700ನ್ನು ಭಾಗಿಸಿದರೆ ಎರಡು ಗಂಟೆಯಲ್ಲೇ ಮುಟ್ಟಬೇಕು. ಮಿಕ್ಕ ಮುಕ್ಕಾಲು ಗಂಟೆ ಎಲ್ಲಿ ಹೋಯಿತು ಎಂದು ನಾನು ಪಟ್ಟಾಗಿ ಕೇಳಿದೆ. ಅಳಿಯಂದಿರು ಬಿಡಿಸಿ ಹೇಳಿದರು. ಟಿಕೆಟ್ಟಿನಲ್ಲಿ ಬರೆಯುವ ಹೊತ್ತು ಹಾರಿದ್ದರಿಂದ ಇಳಿದದ್ದರವರೆಗಿನದಲ್ಲ. ಇಲ್ಲಿ ನಿಂತ ಜಾಗದಿಂದ ವಿಮಾನ ಕದಲಿದಾಗಿನಿಂದ ಅಲ್ಲಿ ಹೋಗಿ ಚಕ್ರ ನಿಲ್ಲುವವರೆಗಿನದು. ನೆಲದ ಮೇಲೆ ಉರುಳಿಕೊಂಡು ಹೋಗಿ ಸರದಿಯಲ್ಲಿ ನಿಲ್ಲಬೇಕು. ಹತ್ತುವಾಗಲೂ ಇಳಿಯುವಾಗಲೂ ಪೂರ್ತಿ ವೇಗ ಇರುವುದಿಲ್ಲ. ಆಕಾಶದಲ್ಲೂ ಗೊತ್ತುಮಾಡಿದ ದಾರಿಗಳುಂಟು, ಗೆರೆ ಎಳೆದ ಹಾಗೆ ಹೋಗುವಂತಿಲ್ಲ. ದೆಹಲಿಯಂಥ ಕಡೆ ಇಳಿಯಲೂ ಸಾಲು, ಮೇಲೇ ಒಂದೆರಡು ಸುತ್ತು ಹಾಕಿಸುತ್ತಾರೆ. ಇನ್ನೊಂದು ಸ್ವಾರಸ್ಯ ಕೇಳಿ. ಜೆಟ್ಟುಗಳ ವೇಗ 1960ರ ದಶಕದಿಂದ ಈಚೆಗೆ ಹೆಚ್ಚೇನೂ ಬದಲಾಗಿಲ್ಲವಂತೆ. ಎಲ್ಲದರಲ್ಲೂ ಅವಸರ ಹೆಚ್ಚಿದ ಈ ಕಾಲದಲ್ಲಿ ಅದೊಂದು ಇದ್ದಲ್ಲೇ ಇದೆ.

ಗಾಳಿಯ ಮಾತೂ ಬಂತು. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ, ಬಹಳ ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುತ್ತದೆ. ದೆಹಲಿಯಿಂದ ಕೋಲ್ಕತ್ತಕ್ಕೆ ಹೋಗುವವರಿಗೆ ಅದು ಬೆನ್ನು ತಳ್ಳುತ್ತದೆ, ಬರುವವರ ಎದೆಗೆ ಒದಗುತ್ತದೆ. ಹೋಗುವ ಹೊತ್ತೇ ಬೇರೆ, ಬರುವ ಹೊತ್ತೇ ಬೇರೆ. ಬೆಂಗಳೂರು ದೆಹಲಿ ತೆಂಕಣ ಬಡಗಣ ಇರುವುದರಿಂದ ನಮಗೆ ಗಾಳಿ ಪಕ್ಕೆಗೆ ಬಡಿಯುತ್ತದೆ. ಹೋಗುವುದಕ್ಕೂ ಬರುವುದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ಇಷ್ಟೆಲ್ಲ ತಿಳಿದುಕೊಂಡು ನಾನು ಹೊರಟದ್ದು 2023ರ ನವೆಂಬರಿನಲ್ಲಿ. ಮಗಳಿಗೆ ದಿನ ತುಂಬುತ್ತಾ ಬಂದಿತ್ತು. ತವರಿಗೆ ಕರೆತಂದು ಬಾಣಂತನ ಮಾಡಬೇಕೆಂದು ನನ್ನಾಸೆ. ಅವಳ ಡಾಕ್ಟರು ಈಗ ಪ್ರಯಾಣ ಬೇಡವೆಂದರು. ಮೊದಲೇ ಕರೆತರೋಣವೆಂದರೆ ಅವಳಿಗೆ ಆಫೀಸಿನ ರಜೆ ಸಿಕ್ಕಿರಲಿಲ್ಲ. ಏಳು ತಿಂಗಳು ಕಳೆದ ಮೇಲೆ ವಿಮಾನದವರೂ ವೈದ್ಯರ ಚೀಟಿ ಕೇಳುತ್ತಾರೆ, ತೀರ ದಿನ ಹತ್ತಿರವಾದರೆ ಹತ್ತಿಸಿಕೊಳ್ಳುವುದೇ ಇಲ್ಲ. ಸರಿ, ಮಗಳು ತಾಯಿಯ ಮನೆಗೆ ಬಾರದಿದ್ದರೆ ತಾಯಿಯೇ ಮಗಳ ಮನೆಗೆ ಎಂದು ಗಂಟು ಕಟ್ಟಿದೆ.

ಅಂಟಿನುಂಡೆ, ಮೆಣಸಿನ ಸಾರಿನ ಪುಡಿ, ಓಮ, ಮನೆಯ ತುಪ್ಪ, ಹಳೇ ಸೀರೆಯ ಮೆತ್ತನೆ ಬಟ್ಟೆಗಳು. ಇವೆಲ್ಲದರ ಮೇಲೆ ಐದು ಕೆ.ಜಿ. ಉಂಡೆ ಕೊಬ್ಬರಿ. ತಿಪಟೂರಿನವಳು ಬಾಣಂತಿಗೆ ಕೊಬ್ಬರಿ ಒಯ್ಯದೆ ಹೋದರೆ ಊರಿನ ಮರ್ಯಾದೆ ಏನಾಗಬೇಕು? ಹಿಂದಿನ ರಾತ್ರಿ ನಮ್ಮವರು ಮೊಬೈಲು ನೋಡುತ್ತಾ ಕೂತವರು "ಕೊಬ್ಬರಿ ತೆಗಿ" ಎಂದರು. "ಯಾಕೆ, ತೂಕ ಜಾಸ್ತಿ ಆಯ್ತಾ?" "ತೂಕ ಅಲ್ಲ ಕಣೆ. ಕೊಬ್ಬರಿ ಪೆಟ್ಟಿಗೆಯಲ್ಲಿ ಹಾಕೋ ಹಾಗಿಲ್ಲ. ಬೆಂಕಿ ಹತ್ತೋ ಸಾಮಾನು ಅಂತೆ." ನನಗೆ ನಗು ಬಂತು. ಅಟ್ಟದ ಮೇಲೆ ಹತ್ತು, ಹನ್ನೊಂದು ತಿಂಗಳು ಕಾಯಿ ಒಣಗಿಸಿ ಕೊಬ್ಬರಿ ಮಾಡುವ ಊರು ನಮ್ಮದು. ಆದರೆ ಕೊಬ್ಬರಿಯಲ್ಲಿ ನೂರಕ್ಕೆ ಅರವತ್ತಕ್ಕೂ ಮೇಲೆ ಎಣ್ಣೆಯೇ. ಗಾಳಿಯಾಡದ ಕಡೆ ರಾಶಿ ಹಾಕಿದರೆ ತನ್ನಷ್ಟಕ್ಕೇ ಕಾವೇರುವ ಗುಣ ಅದಕ್ಕಿದೆ ಎಂದು ಜಗತ್ತಿನ ವಿಮಾನದವರೆಲ್ಲ ಅದನ್ನು ಅಪಾಯದ ಸಾಮಾನುಗಳ ಪಟ್ಟಿಗೆ ಸೇರಿಸಿದ್ದಾರೆ. ಒಣಕೊಬ್ಬರಿ ಬೇಡ, ಉಪ್ಪಿನಕಾಯಿಯನ್ನು ಕೈಚೀಲದಲ್ಲಿ ಇಟ್ಟುಕೊಳ್ಳಬೇಡಿ ಎಂದು ನಾನೀಗ ಕೇಳಿದವರಿಗೆಲ್ಲ ಹೇಳುತ್ತೇನೆ. ಪೆಟ್ಟಿಗೆಗೆ ಸಾಮಾನ್ಯವಾಗಿ 15 ಕೆ.ಜಿ., ಕೈಚೀಲಕ್ಕೆ 7 ಕೆ.ಜಿ. ಅಂತೂ ಕೊಬ್ಬರಿ ಡಬ್ಬಕ್ಕೇ ವಾಪಸು ಹೋಯಿತು.

ಬೆಳಗಿನ ಜಾವ ನಾಲ್ಕಕ್ಕೆ ಮನೆ ಬಿಟ್ಟೆವು. ತುಮಕೂರಿನಲ್ಲಿ ಕಾಫಿ. ಅಲ್ಲಿಂದ ದಾಬಸ್‌ಪೇಟೆ, ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ, ಬೆಂಗಳೂರಿನೊಳಕ್ಕೆ ಹೋಗದೆ. ಮುಟ್ಟಿದಾಗ ಏಳೂವರೆ. ವಿಮಾನ ಇದ್ದದ್ದು ಹತ್ತೂ ಐದಕ್ಕೆ. ಇಷ್ಟು ಮುಂಚೆ ಯಾಕೆ ಎಂದು ನಾನು ಗೊಣಗಿದೆನಾದರೂ ಬಾಗಿಲಲ್ಲಿ ಒಂದು ಸಾಲು, ಪೆಟ್ಟಿಗೆ ಕೊಡುವಲ್ಲಿ ಒಂದು ಸಾಲು, ಮೈ ತಪಾಸಣೆಗೆ ಇನ್ನೊಂದು ಸಾಲು. ಬಳೆ, ಬೆಲ್ಟು, ಮೊಬೈಲು, ಎಲ್ಲ ಒಂದು ತಟ್ಟೆಗೆ. ಹೊರಡುವುದಕ್ಕೆ ಒಂದು ಗಂಟೆ ಮುಂಚೆ ಪೆಟ್ಟಿಗೆ ತೆಗೆದುಕೊಳ್ಳುವುದನ್ನು ನಿಲ್ಲಿಸಿಬಿಡುತ್ತಾರೆ. ಕೊನೆಯ ಇಪ್ಪತ್ತೈದು ನಿಮಿಷಕ್ಕೆ ವಿಮಾನದ ಬಾಗಿಲಿನ ಹತ್ತಿರವೂ ಬಿಡುವುದಿಲ್ಲ. ಬಸ್ಸಿನ ಹಾಗೆ "ಹೋಲ್ಡಾನ್" ಎಂದು ಓಡಿ ಹತ್ತುವ ಮಾತೇ ಇಲ್ಲ. ನಮ್ಮ ಕಡೆಯ ಹಿರಿಯರೊಬ್ಬರು ಹೇಳುತ್ತಿದ್ದರು, ಮೊದಲು ಬೆಂಗಳೂರಿನ ವಿಮಾನ ನಿಲ್ದಾಣ ಎಚ್.ಎ.ಎಲ್.ನಲ್ಲಿ, ಊರೊಳಗೇ ಇತ್ತು ಎಂದು. 2008ರ ಮೇ 24ರಿಂದ ದೇವನಹಳ್ಳಿಗೆ ಬಂತು. ಮೆಜೆಸ್ಟಿಕ್‌ನಿಂದ 35 ಕಿಲೋಮೀಟರಿನ ಮೇಲಾಯಿತು. ಆಕಾಶದಲ್ಲಿ ದೆಹಲಿ ಇದ್ದಲ್ಲೇ ಇತ್ತು, ನೆಲದ ಮೇಲೆ ಬೆಂಗಳೂರಿನವರಿಗೆ ದೂರವಾಯಿತು.

ಮೊದಲ ಸಲ ಹಾರಿದ್ದರ ವರ್ಣನೆ ಬೇಡ, ಅದನ್ನು ಎಲ್ಲರೂ ಬರೆದಿದ್ದಾರೆ. ಕಿವಿ ಗುಂಯ್ ಎಂದಿತು, ದೇವರ ನೆನಪಾಯಿತು, ಅಷ್ಟೆ. ರಾಯಚೂರು ಕಾಣುತ್ತದೇನೋ ಎಂದು ಕೆಳಗೆ ನೋಡಿದೆ, ಅರಳೆ ರಾಶಿಯಂಥ ಮೋಡ ಕಂಡಿತು. ಒಂದಕ್ಕೆ ಐದು ನಿಮಿಷವಿರುವಾಗ ದೆಹಲಿ. ಪೆಟ್ಟಿಗೆ ಕೈಗೆ ಬರಲು ಅರ್ಧ ಗಂಟೆ. ಮಗಳ ಮನೆ ಪೂರ್ವದ ಕಡೆ, ಮಯೂರ್ ವಿಹಾರದಲ್ಲಿ. ಟ್ಯಾಕ್ಸಿಯಲ್ಲಿ ಒಂದೂಕಾಲು ಗಂಟೆ. ಅವಳ ಹೊಸ್ತಿಲು ದಾಟಿದಾಗ ಮೂರು ಗಂಟೆ. ನಮ್ಮ ಹೊಸ್ತಿಲಿಂದ ಅವಳ ಹೊಸ್ತಿಲಿಗೆ ಸರಿಯಾಗಿ ಹನ್ನೊಂದು ಗಂಟೆ. ಬುತ್ತಿ ಎರಡು. ಇದರಲ್ಲಿ ಎರಡೂಮುಕ್ಕಾಲು ಎಷ್ಟನೆಯ ಪಾಲು, ನೀವೇ ನೋಡಿ.

ಡಿಸೆಂಬರಿನಲ್ಲಿ ಮೊಮ್ಮಗಳು ಹುಟ್ಟಿದಳು. ಆ ಚಳಿಯಲ್ಲಿ ಎರೆದು, ಸಾಂಬ್ರಾಣಿ ಹಾಕಿ, ಕಟ್ಟಿ ಮಲಗಿಸಿದ್ದೆಲ್ಲ ಬೇರೆಯೇ ಕಥೆ. ನಾನು ಹೇಳಬೇಕಾದ್ದು 2024ರ ಜನವರಿಯ ಒಂದು ದಿನದ್ದು.

ಬೆಳಗಿನ ಐದೂ ಹತ್ತಕ್ಕೆ ಅಣ್ಣನ ಫೋನು ಬಂತು. ಆ ಹೊತ್ತಿನ ಫೋನು ಎಂದರೆ ಎತ್ತುವ ಮೊದಲೇ ಗೊತ್ತಾಗುತ್ತದೆ. "ಅಪ್ಪ ಹೋಗ್ಬಿಟ್ರು ಕಣಮ್ಮ. ನಿದ್ದೇಲೇ." ಎಂಬತ್ತು ದಾಟಿದ ಜೀವ, ನರಳಲಿಲ್ಲ ಎಂಬುದೊಂದು ಸಮಾಧಾನ. ಅಣ್ಣನಿಗೆ ಮುಂದೆ ಮಾತಾಡಲು ಆಗಲಿಲ್ಲ. ಚಿಕ್ಕಪ್ಪ ಫೋನು ಇಸಕೊಂಡರು.

"ವಿಮಾನಕ್ಕೇ ಬಾ ಮಗ. ಎರಡೂಮುಕ್ಕಾಲು ಗಂಟೆ ಅಲ್ವೇ? ಹನ್ನೆರಡಕ್ಕೆಲ್ಲ ಬಂದ್ಬಿಡ್ತೀಯ. ಎರಡು ಗಂಟೆಗೆ ಮಣ್ಣು ಅಂತ ಎಲ್ರಿಗೂ ಹೇಳ್ತಿದೀನಿ."

ಅಳಿಯಂದಿರು ಆಗಲೇ ಟಿಕೆಟ್ಟು ಹುಡುಕುತ್ತಿದ್ದರು. ಆ ದಿನದ ಟಿಕೆಟ್ಟಿಗೆ ನವೆಂಬರಿನಲ್ಲಿ ಕೊಟ್ಟದ್ದರ ಮೂರರಷ್ಟು. ಒಂಬತ್ತೂ ನಲವತ್ತರ ವಿಮಾನ ಸಿಕ್ಕಿತು. ನಾನು ಹಾಸಿಗೆಯ ಮೇಲೇ ಬೆರಳು ಮಡಿಸಿ ಎಣಿಸಿದೆ. ಇಳಿಯುವುದು ಹನ್ನೆರಡೂವರೆ. ಹೊರಗೆ ಬರಲು ಅರ್ಧ ಗಂಟೆ. ದೇವನಹಳ್ಳಿಯಿಂದ ನಮ್ಮೂರ ತನಕ ಮೂರು ಗಂಟೆಯ ಮೇಲೆ.

"ಎರಡಕ್ಕೆ ಆಗಲ್ಲ ಚಿಕ್ಕಪ್ಪ. ಎಲ್ಲ ಸರಿಯಾಗಿ ಹೋದ್ರೆ ನಾಲ್ಕೂಕಾಲು. ಇಲ್ಲಿ ಮಂಜು ಬೇರೆ ಕವಿದಿದೆ."

"ನಾಲ್ಕೂಕಾಲೆ? ಅದೆಂಥಾ ವಿಮಾನ ಅದು?"

ಮಗು ಆಗಿ ಇನ್ನೂ ತಿಂಗಳು ತುಂಬಿದ ಹೊಸತು. ಬಾಣಂತಿಯನ್ನು ಬಿಟ್ಟು ಹೊರಡಬೇಕು. ನಾನು ಅವಳ ಮುಖ ನೋಡಿದೆ. "ನೀನು ಹೋಗಮ್ಮ. ನಾನು ತಾತನ್ನ ನೋಡೋಕಾಗಲ್ಲ, ನೀನಾದ್ರೂ ನೋಡು" ಎಂದಳು. ನೀರೊಲೆಯ ಸ್ವಿಚ್ಚು, ಮಗುವಿನ ಎಣ್ಣೆ, ಮೆಣಸಿನ ಸಾರು ಮಾಡುವ ಬಗೆ, ಎಲ್ಲವನ್ನೂ ಅಳಿಯಂದಿರಿಗೆ ಹೇಳುತ್ತಲೇ ಸೀರೆ ಉಟ್ಟೆ. ಆರೂಕಾಲಕ್ಕೆ ಕಾರು.

ದೆಹಲಿಯ ಮಂಜು ನಮ್ಮ ಕಡೆಯ ಇಬ್ಬನಿಯಲ್ಲ. ನಮ್ಮಲ್ಲಿ ಬಿಸಿಲು ಬಿದ್ದ ಕೂಡಲೇ ಕರಗುತ್ತದೆ. ಅಲ್ಲಿ ಡಿಸೆಂಬರು, ಜನವರಿಯಲ್ಲಿ ಗಾಳಿಯಿಲ್ಲದ ರಾತ್ರಿ ನೆಲ ತಣ್ಣಗಾಗಿ, ತೇವವೆಲ್ಲ ನೆಲಕ್ಕಂಟಿಕೊಂಡೇ ಹೊಗೆಯಂತೆ ನಿಂತುಬಿಡುತ್ತದೆ. ಆ ಬಡಕಲು ಬಿಸಿಲಿಗೆ ಅದು ಹತ್ತು, ಹನ್ನೊಂದರವರೆಗೂ ಕದಲುವುದಿಲ್ಲ. ಮುಂದಿನ ಕಾರಿನ ಹಿಂದೀಪ ಕಂಡರೆ ಹೆಚ್ಚು. ನಿಲ್ದಾಣ ಮುಟ್ಟಿ ನೋಡಿದರೆ ಬೋರ್ಡಿನಲ್ಲಿ ನಮ್ಮ ವಿಮಾನಕ್ಕೆ ಹತ್ತೂ ಹತ್ತು ಎಂದಿತ್ತು. ಆಮೇಲೆ ಹತ್ತೂಮುಕ್ಕಾಲು. ಆಮೇಲೆ ಹನ್ನೊಂದೂವರೆ. ಪಕ್ಕದಲ್ಲಿ ಕೂತಿದ್ದ ಒಬ್ಬರು ತಿಳಿದವರು ಹೇಳಿದರು. ಮಂಜಿನಲ್ಲಿ ಇಳಿಯಲು ಯಂತ್ರದ ಸಹಾಯ ಉಂಟು, ತರಬೇತಿಯಾದ ಪೈಲಟ್ಟಿಗೆ 50 ಮೀಟರು ಕಂಡರೂ ಸಾಕು. ಏರಲು ಮಾತ್ರ 125 ಮೀಟರು ಕಾಣಬೇಕು. ನನಗೆ ವಿಚಿತ್ರವೆನಿಸಿತು. 1,700 ಕಿಲೋಮೀಟರು ಹಾರಬಲ್ಲ ವಿಮಾನ ನೂರು ಗಜ ಕಾಣಲಿಲ್ಲವೆಂದು ಕೂತಿತ್ತು. ಸಿಟ್ಟು ಮಾಡುವುದಾದರೂ ಯಾರ ಮೇಲೆ? ಮಂಜಿನ ಮೇಲೆಯೇ? ಒಳಗೆ ಕೂತವರ ಜೀವ ಕಾಪಾಡುವ ನಿಯಮದ ಮೇಲೆಯೇ?

ಅಣ್ಣ ಅರ್ಧ ಗಂಟೆಗೊಮ್ಮೆ ಕೇಳುತ್ತಿದ್ದ. ನಾನು ಹೇಳುತ್ತಿದ್ದ ಹೊತ್ತು ಮುಂದಕ್ಕೆ ಮುಂದಕ್ಕೆ ಹೋಗುತ್ತಿತ್ತು. ನಮ್ಮಲ್ಲಿ ಹೊತ್ತು ಮುಳುಗುವುದರೊಳಗೆ ಆಗಬೇಕು. ದೂರದ ನೆಂಟರು ಬಂದು ಕೂತಿದ್ದರು. ಹಾಲು ಕರೆಯುವ ಹೊತ್ತಿಗೆ ಹಿಂದಿರುಗಬೇಕಾದವರು. ಎಲ್ಲಕ್ಕಿಂತ ಹೆಚ್ಚಾಗಿ ಅಮ್ಮ ಬೆಳಗಿನಿಂದ ಅಪ್ಪನ ತಲೆಯ ಹತ್ತಿರ ಕೂತವಳು ಒಂದು ಗುಟುಕು ನೀರೂ ಕುಡಿದಿರಲಿಲ್ಲ. ಹನ್ನೊಂದೂಕಾಲಿಗೆ ನಾನೇ ಫೋನು ಮಾಡಿದೆ.

"ಅಣ್ಣ, ನಾನು ಬರೋ ಹೊತ್ತಿಗೆ ಕತ್ತಲಾಗುತ್ತೆ. ಕಾಯಬೇಡಿ."

"ಅದೆಂಗಾಗುತ್ತೆ, ನೀನೊಬ್ಳೇ ಮಗಳು..."

"ಅಮ್ಮನಿಗೆ ಫೋನ್ ಕೊಡು."

ಅಮ್ಮ ಏನು ಹೇಳುತ್ತಾಳೋ ಎಂದು ನನ್ನ ಕೈ ನಡುಗುತ್ತಿತ್ತು. ಅವಳು ಅಳಲಿಲ್ಲ. "ನೀನು ಬಾ. ನಿಧಾನಕ್ಕೆ ಬಾ. ಅವ್ರು ಎಲ್ಲೂ ಹೋಗಲ್ಲ, ನಮ್ ತೋಟದಲ್ಲೇ ಇರ್ತಾರೆ" ಎಂದಳು. ಆಮೇಲೆ ಅಣ್ಣನ ಮಗ ಮೊಬೈಲಿನ ವಿಡಿಯೋದಲ್ಲಿ ಅಪ್ಪನ ಮುಖ ತೋರಿಸಿದ. ಒಂದು ಕಂಬದ ಮರೆಗೆ ನಿಂತು ನೋಡಿದೆ. ಹಣೆಗೆ ವಿಭೂತಿ ಇಟ್ಟಿದ್ದರು. ಸುತ್ತ ಜನ ಕಾಫಿ ಕುಡಿಯುತ್ತಿದ್ದರು, ಮಕ್ಕಳು ಓಡಾಡುತ್ತಿದ್ದವು. ಯಾವುದೋ ಊರಿನ ವಿಮಾನಕ್ಕೆ ಕರೆಯುತ್ತಿದ್ದರು.

ವಿಮಾನ ಕದಲಿದ್ದು ಹನ್ನೆರಡೂ ಇಪ್ಪತ್ತಕ್ಕೆ, ಇಳಿದದ್ದು ಮೂರೂ ಐದಕ್ಕೆ. ನೋಡಿ, ಟಿಕೆಟ್ಟಿನವರು ಹೇಳಿದ ಎರಡೂಮುಕ್ಕಾಲು ಗಂಟೆ ಒಂದು ನಿಮಿಷವೂ ಆಚೀಚೆ ಆಗಲಿಲ್ಲ! ನಾವು ಗುಬ್ಬಿಯ ಹತ್ತಿರ ಇರುವಾಗ, ಐದು ದಾಟಿರಬೇಕು, ಅಣ್ಣನ ಮಗ "ಆಯ್ತು ಅತ್ತೆ" ಎಂದು ತಿಳಿಸಿದ. ನಾನು ಡ್ರೈವರಿಗೆ ಇನ್ನು ಜೋರಾಗಿ ಓಡಿಸಬೇಡಪ್ಪ ಎಂದೆ. ಏಳಕ್ಕೆ ಹತ್ತು ನಿಮಿಷವಿರುವಾಗ ಊರು ಮುಟ್ಟಿದೆ. ಅಮ್ಮ ಜಗುಲಿಯ ಮೇಲೆ ಕೂತಿದ್ದಳು, ಪಕ್ಕದಲ್ಲಿ ಅಪ್ಪನ ಊರುಗೋಲು. ಟಾರ್ಚು ಹಿಡಿದು ಅಣ್ಣ ತೋಟಕ್ಕೆ ಕರೆದುಕೊಂಡು ಹೋದ. ಹಸಿಮಣ್ಣಿನ ಮೇಲೆ ಹೂವು ಇನ್ನೂ ಬಾಡಿರಲಿಲ್ಲ.

ಮೂರನೆಯ ದಿನ ಹಾಲುತುಪ್ಪ ಬಿಟ್ಟೆ. ಬಂದ ನೆಂಟರಲ್ಲಿ ಒಬ್ಬಿಬ್ಬರು "ವಿಮಾನದಲ್ಲಿ ಬಂದೂ ಮುಖಕ್ಕಾಗಲಿಲ್ಲವಲ್ಲ" ಎಂದು ಮರುಕಪಟ್ಟರು. ಮರುಕವೇ ಇರಬಹುದು, ಆದರೆ ಅದರೊಳಗೆ ಒಂದು ಮುಳ್ಳೂ ಇತ್ತು. ಮಗಳು ಮನಸ್ಸು ಮಾಡಿದ್ದರೆ ಬೇಗ ಬರಬಹುದಿತ್ತು ಎಂಬಂತೆ. ವಿಮಾನ ಹತ್ತಿದ ಮಾತ್ರಕ್ಕೆ ನಮಗೇನು ರೆಕ್ಕೆ ಬರುತ್ತದೆಯೇ? ಕಾಯಬೇಡಿ ಎಂದವಳು ನಾನೇ. ಅಂಥದೇ ದಿನ ಇನ್ನೊಮ್ಮೆ ಬಂದರೂ ಹಾಗೇ ಹೇಳುತ್ತೇನೆ. ಆದರೆ ಎರಡೂಮುಕ್ಕಾಲು ಗಂಟೆ ಎಂಬ ಆ ಒಂದು ಮಾತನ್ನು ನಂಬಿ ಹಳ್ಳಿಯ ಅಷ್ಟು ಜನ ಬೆಳಗಿನಿಂದ ರಸ್ತೆ ನೋಡುತ್ತ ಕೂತದ್ದು ನನಗೆ ಈಗಲೂ ಚುಚ್ಚುತ್ತದೆ. ದೂರ ಕೊಟ್ಟ ಹೆಣ್ಣುಮಕ್ಕಳ ತಾಯಂದಿರೇ, ತವರು ಬಿಟ್ಟು ದೂರವಿರುವವರೇ, ನಿಮ್ಮ ಹಿರಿಯರಿಗೆ ಟಿಕೆಟ್ಟಿನ ಹೊತ್ತನ್ನು ಹೇಳಬೇಡಿ. ಹೊಸ್ತಿಲಿಂದ ಹೊಸ್ತಿಲಿಗೆ ಎಷ್ಟು ಎಂಬುದನ್ನು ಹೇಳಿ. ಚೆನ್ನಾಗಿರುವ ದಿನವೇ ಹೇಳಿಡಿ.

ಹನ್ನೊಂದನೆಯ ದಿನದ ಕಾರ್ಯ ಮುಗಿಸಿ ಬಾಣಂತಿಯ ಹತ್ತಿರ ಮತ್ತೆ ಹೋಗಬೇಕಿತ್ತು. ನಮ್ಮವರು ವಿಮಾನದ ಟಿಕೆಟ್ಟು ನೋಡಲೇ ಎಂದರು. ನಾನು ರೈಲಿಗೆ ಹೋಗುತ್ತೇನೆ ಎಂದೆ. ಒಬ್ಬಳೇ ಬೇಡವೆಂದು ಅವರೂ ಜೊತೆಗೆ ಹೊರಟರು. ಕೆಳಗಿನ ಬರ್ತು, ಕಿಟಕಿಯ ಪಕ್ಕ. ಈ ಸಾರಿ ಡಬ್ಬದಲ್ಲಿದ್ದ ಐದು ಕೆ.ಜಿ. ಕೊಬ್ಬರಿಯೂ ಸೀಟಿನ ಕೆಳಗೆ ಕೂತು ಬಂತು. ಬೆಳಗಾಗುವಾಗ ರಾಯಚೂರಿನ ಕಡೆಯ ಹೊಲ, ಮಧ್ಯಾಹ್ನ ಸೊಲ್ಲಾಪುರದಾಚೆಯ ಬಯಲು. ಆ 40 ಗಂಟೆ ಯಾರೂ ನನ್ನನ್ನು ಏನೂ ಕೇಳಲಿಲ್ಲ. ಒಲೆಯಿಲ್ಲ, ನೆಂಟರಿಲ್ಲ, ಮಗುವಿಲ್ಲ. ಹನ್ನೊಂದು ದಿನದಿಂದ ಅಳಲು ಪುರಸೊತ್ತಾಗದಿದ್ದವಳು ಕಿಟಕಿಯ ಕಡೆ ತಿರುಗಿ ಕೂತು ಅತ್ತೆ. ನಮ್ಮವರು ಪೇಪರು ಅಡ್ಡ ಹಿಡಿದುಕೊಂಡು ಸುಮ್ಮನಿದ್ದರು. ಭೋಪಾಲಿನ ಹೊತ್ತಿಗೆ ಕೊನೆಯ ಚಪಾತಿ ಮುಗಿದಿತ್ತು. 700 ಕಿಲೋಮೀಟರಿನ ಆ ಸುತ್ತು ದಂಡವೆಂದು ಅಟ್ಲಾಸಿನ ಮುಂದೆ ಕೂತಾಗ ಅನ್ನಿಸಿತ್ತಲ್ಲ, ರೈಲಿನಲ್ಲಿ ಕೂತಾಗ ಅನ್ನಿಸಲಿಲ್ಲ.

ಈಗ ಮೊಮ್ಮಗಳಿಗೆ ಎರಡು ವರ್ಷ ತುಂಬಿದೆ. ಅದುವರೆಗೆ ತೊಡೆಯ ಮೇಲೆ ಕೂತು ಚೂರುಪಾರು ದುಡ್ಡಿಗೆ ಹಾರುತ್ತಿದ್ದವಳಿಗೆ ಇನ್ನು ಮೇಲೆ ತನ್ನದೇ ಸೀಟು, ತನ್ನದೇ ಟಿಕೆಟ್ಟು. ಮುಂದಿನ ತಿಂಗಳು ತಾಯಿ ಮಗಳು ಬರುತ್ತಿದ್ದಾರೆ. ಮೊನ್ನೆ ಚಿಕ್ಕಪ್ಪ ಸಂತೆಗೆ ಬಂದವರು ಮನೆಗೂ ಬಂದು, ಕಾಫಿ ಲೋಟ ಕೆಳಗಿಟ್ಟು ಕೇಳಿದರು. "ವಿಮಾನ ಎಷ್ಟಕ್ಕೆ ಅಂತ ಹೇಳ್ಬೇಡ ಮಗ. ಮನೆಗೆ ಎಷ್ಟಕ್ಕೆ, ಅದನ್ನ ಹೇಳು." ಕ್ಯಾಲೆಂಡರಿನ ಹಿಂದೆ ಬರೆದಿಟ್ಟದ್ದನ್ನು ನೋಡಿ ಹೇಳಿದೆ. ಬೆಳಿಗ್ಗೆ ಎಂಟಕ್ಕೆ ಅವರ ಮನೆ ಬಿಡುತ್ತಾರೆ, ವಿಮಾನ ಹನ್ನೊಂದಕ್ಕೆ, ಮಗು ಇರುವುದರಿಂದ ದಾರಿಯಲ್ಲಿ ಒಂದೆರಡು ಕಡೆ ನಿಲ್ಲಬೇಕು, ನಮ್ಮ ಬಾಗಿಲಿಗೆ ರಾತ್ರಿ ಏಳಾದರೂ ಆಗುತ್ತದೆ. ಕಾಳು ಬೆಳಿಗ್ಗೆಯೇ ನೆನೆಹಾಕಿ ಸಾರು ಮಾಡಿಟ್ಟಿರುತ್ತೇನೆ. ಮುದ್ದೆಗೆ ಎಸರಿಡುವುದು ಮಾತ್ರ ಅವಳು ಗುಬ್ಬಿ ದಾಟಿದೆವು ಎಂದು ಫೋನು ಮಾಡಿದ ಮೇಲೆ.